ಕಾಶಮ್ಮನವರ ಪಕ್ಷ

ಸಂಗನಹೊಳೆಯ ನಿರ್ವಾಣಾರ್ಯ ಪೂಜ್ಯರನ್ನು ಕಾಣಬೇಕೆಂದವರು ಮಠದ ಗದ್ದುಗೆಯತ್ತ ಹೋಗಿ ಪ್ರಯೋಜನವಿಲ್ಲ, ಅಡಿಗೆಮನೆಯ ಕಟ್ಟೆಗೇ ಬರಬೇಕು. ಅಂದು ಸಂಜೆಯೂ ಪೂಜ್ಯರು ಅಲ್ಲೇ ಕೂತು ದಾಸೋಹದ ಜೋಳ ಹಸನು ಮಾಡುತ್ತಿದ್ದರು.

ಆಗ ದಯಮಾಡಿಸಿದರು ವಿದ್ವಾನ್ ಪಂಪಾಪತಿ ಶಾಸ್ತ್ರಿಗಳು. ಹೆಗಲ ಮೇಲೆ ಒಂದರ ಮೇಲೊಂದು ಸನ್ಮಾನದ ಶಾಲು. ನಮ್ಮ ಸೀಮೆಯ ಬಿಸಿಲಲ್ಲಿ ಅಷ್ಟನ್ನೂ ಹೊದ್ದು ಬರುವುದೇ ಒಂದು ತಪಸ್ಸು ಬಿಡಿ!

“ಬುದ್ಧೀ, ಪ್ರವಚನದ ಮಣೆಯ ಮೇಲೆ ಕಾಶಮ್ಮನೆಂಬವಳನ್ನು ಕೂರಿಸಿ ‘ಪಂಡಿತೆ’ ಎಂದು ಕರೆದಿದ್ದೀರಂತೆ. ಪಾಂಡಿತ್ಯವೆಂದರೆ ಶಾಸ್ತ್ರಜ್ಞಾನ. ಆಕೆಗೆ ಸಂಸ್ಕೃತದ ಗಂಧವೂ ಇಲ್ಲ. ನಾನು ವಾದದಲ್ಲಿ ಗೆದ್ದರೆ ಆಕೆ ಮಣೆಯಿಂದ ಇಳಿಯಬೇಕು.”

“ಆಗಲಿ” ಎಂದರು ಪೂಜ್ಯರು.

ಊರಿಗೆಲ್ಲ ಹಳಗನ್ನಡ ಕಾವ್ಯ ಬಿಡಿಸಿ ಹೇಳುತ್ತಿದ್ದ ಕಾಶಮ್ಮನವರು ಅಡಿಗೆಮನೆಯೊಳಗಿಂದ ಎದ್ದು ಬಂದು ಶಾಸ್ತ್ರಿಗಳ ಎದುರಿಗೆ ಕೂತರು. ಆ ಮಣೆಯೇ ಅವರ ಬದುಕಾಗಿತ್ತು.

ಸುದ್ದಿ ತಿಳಿದ ಊರವರು ಕಟ್ಟೆಯ ಸುತ್ತ ನೆರೆದರು. ವಾದಕ್ಕೊಂದು ಹಳೆಯ ಕಟ್ಟಳೆಯುಂಟು. ಎದುರಾಳಿಯ ಪಕ್ಷವನ್ನು, ಎಂದರೆ ಅವರ ನಿಲುವನ್ನು, ಮೊದಲು ತಾನೇ ಹೇಳಬೇಕು, ಅದನ್ನು ಎದುರಾಳಿ ಹೌದೆಂದು ಒಪ್ಪಬೇಕು. ಖಂಡನೆಯೇನಿದ್ದರೂ ಆಮೇಲೆ.

ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡರು. “ಓದು ಬೇಡ, ಭಕ್ತಿಯಿದ್ದರೆ ಸಾಕು, ಅದೇ ಪಾಂಡಿತ್ಯ. ಇದು ಈಕೆಯ ಪಕ್ಷ.”

“ಇಲ್ಲರೀ, ನಾ ಹಂಗಂದಿಲ್ಲ” ಎಂದರು ಕಾಶಮ್ಮ.

“ಹಾಗಾದರೆ, ಕನ್ನಡವೇ ಸಂಸ್ಕೃತಕ್ಕಿಂತ ಮೇಲು ಎಂಬುದು.”

“ಅಯ್ಯ, ಅದೂ ಅಲ್ರೀ! ನಿಮ್ಮ ತಲ್ಯಾಗ ಯಾವಕೀನೋ ಕಾಶಮ್ಮ ಕುಂತಾಳ. ಆಕೀ ಕೂಡ ಜಗಳಾಡಾಕ ಹತ್ತೀರಿ.”

ಸಭೆಯೆಲ್ಲ ಗೊಳ್ಳೆಂದಿತು. ಶಾಸ್ತ್ರಿಗಳ ಮುಖ ಕೆಂಪಾಯಿತು. ಪೂಜ್ಯರು ಮಾತ್ರ ನಗಲಿಲ್ಲ. ಮೊರ ಕೆಳಗಿಟ್ಟು, “ಶಾಸ್ತ್ರಿಗಳೇ, ಆಕೆಯನ್ನೇ ಕೇಳಿರಿ” ಎಂದರು.

ಎಷ್ಟೋ ಸಭೆಗಳನ್ನು ಗೆದ್ದಿದ್ದ ಆ ವಿದ್ವಾಂಸರು ಎದುರಾಳಿಯನ್ನು ‘ನಿಮ್ಮ ಮಾತೇನು’ ಎಂದು ಕೇಳಿದ್ದೇ ಇಲ್ಲ! ಅಂದು ಕೇಳಿದರು.

“ನಾಡಿ ನೋಡಾವರಿಗೂ ಪಂಡಿತರು ಅಂತೀವ್ರಿ. ಅವರು ಜಡ್ಡು ತಿಳದಾರ. ನಾ ಕಾವ್ಯ ತಿಳದೀನಿ. ಅದರ ಮುಂದ ಹೆಂಗ ಹೇಳಬೇಕೋ ನನಗ ಬರವಲ್ದು” ಎಂದು ಕಾಶಮ್ಮ ತಡವರಿಸಿದರು.

ಶಾಸ್ತ್ರಿಗಳು ಕಣ್ಣು ಮುಚ್ಚಿ ಆ ಮಾತಿನ ಎಳೆ ಹಿಡಿದರು. ಆಮೇಲೆ ಅವರ ಕಂಚಿನ ಕಂಠ ಮೊಳಗಿತು ನೋಡಿ!

“‘ಪಂಡಾ’ ಎಂದರೆ ತಿಳಿವು. ತಿಳಿವುಳ್ಳವರು ಪಂಡಿತರು. ರೋಗದ ತಿಳಿವು ವೈದ್ಯನನ್ನು ಪಂಡಿತನಾಗಿಸಿತು, ಶಾಸ್ತ್ರದ ತಿಳಿವು ನನ್ನನ್ನು. ಕಾವ್ಯವನ್ನು ತಿಳಿದು ಊರಿಗೆ ತಿಳಿಸಿದವರು ಪಂಡಿತೆಯೇ. ತಿಳಿವು ಯಾವ ಭಾಷೆಯಲ್ಲಿ ಬಂತೆಂದು ಆ ಪದ ಕೇಳುವುದಿಲ್ಲ. ಇದು ಕಾಶಮ್ಮನವರ ಪಕ್ಷ.”

“ಹೌದ್ರೀ ಯಪ್ಪಾ, ಇದ ನನ್ನ ಮಾತು!” ಕಾಶಮ್ಮನವರ ಕಣ್ಣು ತುಂಬಿತ್ತು.

“ಇನ್ನು ಖಂಡಿಸಿರಿ” ಎಂದರು ಪೂಜ್ಯರು.

ಶಾಸ್ತ್ರಿಗಳು ಕೈ ಮುಗಿದರು. “ಖಂಡಿಸಲು ಏನೂ ಉಳಿದಿಲ್ಲ ಬುದ್ಧೀ. ಸೋತೆ.”

“ಸೋಲಲ್ಲ. ಎದುರಿನವರ ಮಾತನ್ನು ಅವರಿಗಿಂತ ಚೆಂದವಾಗಿ ಹೇಳಿದಿರಿ. ಪಾಂಡಿತ್ಯವನ್ನು ಈ ಮಠ ಇವತ್ತು ಕಣ್ಣಾರೆ ಕಂಡಿತು.”

ಶಾಸ್ತ್ರಿಗಳು ಎದ್ದು, ಪ್ರವಚನದ ಮಣೆಯನ್ನು ತಾವೇ ಹಾಕಿ, “ಬರ್ರಿ ತಾಯಿ” ಎಂದು ಕಾಶಮ್ಮನವರನ್ನು ಕರೆದು, ಎದುರಿಗೆ ನೆಲದ ಮೇಲೆ ಕೂತರು.

ಮುಂದೆ ದೊಡ್ಡ ದೊಡ್ಡ ಸಭೆಗಳಲ್ಲಿ ಜನ, ಎದುರಾಳಿಯ ಪಕ್ಷವನ್ನು ಇಷ್ಟು ನ್ಯಾಯವಾಗಿ ಹೇಳಲು ಎಲ್ಲಿ ಕಲಿತಿರಿ ಎಂದು ಶಾಸ್ತ್ರಿಗಳನ್ನು ಕೇಳುತ್ತಿದ್ದರಂತೆ. ಅವರು ಎದೆಯುಬ್ಬಿಸಿ ಹೇಳುತ್ತಿದ್ದರು: “ಸಂಗನಹೊಳೆಯಲ್ಲಿ. ಪಂಡಿತೆ ಕಾಶಮ್ಮನವರ ಮುಂದೆ, ಪೂಜ್ಯರ ಸನ್ನಿಧಿಯಲ್ಲಿ.”