ಸಮಯಕ್ಕೆ ಬಂದವಳು

ನದಿ ಕಡಲಿಗೆ ಸೇರುವ ಕಡೆ ಒಂದು ನೃತ್ಯಮನೆ ಇತ್ತು. ಆ ಸೀಮೆಯಲ್ಲಿ ಹೊಸ ಬಗೆಯ ನೃತ್ಯ ಕಟ್ಟುವವರಿಗೆ ಅದು ಇರಲು ಜಾಗ ಕೊಡುತ್ತಿತ್ತು, ಊಟ ಹಾಕುತ್ತಿತ್ತು, ವೇದಿಕೆ ಹುಡುಕಿಕೊಡುತ್ತಿತ್ತು. ಕರಾರು ಒಂದೇ. ಕಟ್ಟಿದ್ದನ್ನು ಊರವರ ಜೊತೆ ಕುಣಿಯಬೇಕು.

ಅದನ್ನು ನಡೆಸುತ್ತಿದ್ದವರು ಗುರು ವಾರಿಜಾ. ಅವರ ಶಿಷ್ಯೆ ಮೇದಿನಿ.

ಮೇದಿನಿ ತನ್ನ ಮೊದಲ ನೃತ್ಯವನ್ನು ನದಿಯ ಕೆಸರಿನಲ್ಲಿ ಚಿಪ್ಪು ಆಯುವ ಹೆಂಗಸರ ಜೊತೆ ಕಟ್ಟಿದಳು. ಬುಧವಾರ ಸಂಜೆ ಆರಕ್ಕೆ ಪ್ರದರ್ಶನ. ನಗರದ ನೃತ್ಯೋತ್ಸವಕ್ಕೆ ತಂಡಗಳನ್ನು ಆರಿಸುವ ಅಧಿಕಾರಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮೇದಿನಿಗೆ ನಗರದ ವೇದಿಕೆ.

ಹಿಂದಿನ ವಾರ ಅವಳು ಗುರುವಿನ ಬಳಿ ಸಿಟ್ಟಿನಿಂದ ಬಂದಳು.

"ಟೀಚರ್, ಈ ಹೆಂಗಸರನ್ನು ಕಟ್ಟಿಕೊಂಡು ಆಗುವುದಿಲ್ಲ."

"ಏನಾಯಿತು?"

"ಅಭ್ಯಾಸಕ್ಕೆ ಹತ್ತಕ್ಕೆ ಬನ್ನಿ ಎಂದಿದ್ದೆ. ಸೋಮವಾರ ಹನ್ನೊಂದಕ್ಕೆ ಬಂದರು. ಮರುದಿನ ಇನ್ನೂ ತಡ. ಇವತ್ತು ಊಟದ ಹೊತ್ತಿಗೆ."

"ಯಾಕೆ ಎಂದು ಕೇಳಿದೆಯಾ?"

"ಕೇಳಿದೆ. ನೀರು ಇಳಿಯುವ ಹೊತ್ತು ದಿನಾ ಮುಂದೆ ಹೋಗುತ್ತದೆ, ಇಳಿದಾಗಲೇ ಚಿಪ್ಪು ಆಯಬೇಕು ಎನ್ನುತ್ತಾರೆ. ದಿನಾ ಅದೇ ನೆಪ."

"ಹಾಗಾದರೆ ನದಿಗೆ ಹೇಳು."

"ಏನಂತ?"

"ದಿನಾ ಹತ್ತರೊಳಗೆ ಇಳಿದು ಮುಗಿಸು ಅಂತ."

ಮೇದಿನಿ ನಕ್ಕಳು. ಗುರು ನಗಲಿಲ್ಲ.

ಇನ್ನೊಬ್ಬ ಕಲಾವಿದನ ಕೆಲಸ ನೋಡಲು ಗುರು ಘಟ್ಟದ ಮೇಲಿನ ಊರಿಗೆ ಹೋದರು. ಮಂಗಳವಾರ ಸಂಜೆ ಮರಳಿದರು. ಬಾಗಿಲಲ್ಲೇ ನಿಂತರು.

ಒಳಗೆ ಕಾಲೇಜಿನ ಹುಡುಗಿಯರು ಕುಣಿಯುತ್ತಿದ್ದರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದರು. ಸೊಂಟದಲ್ಲಿ ಬುಟ್ಟಿ. ಮೂಲೆಯ ಬಕೆಟ್ಟಿನಲ್ಲಿ ಕೆಸರು. ಮೇದಿನಿ ಅದನ್ನು ಅವರ ಕಾಲಿಗೆ ಹಚ್ಚುತ್ತಿದ್ದಳು.

"ಇನ್ನೂ ಸ್ವಲ್ಪ ಮೇಲೆ," ಎನ್ನುತ್ತಿದ್ದಳು. "ನಿಜ ಅನ್ನಿಸಬೇಕು."

ಆಗಲೇ ನದಿಯ ಹೆಂಗಸರು ಬಂದರು. ಮಿಂದು, ಮಡಿಕೆ ಮುರಿಯದ ಸೀರೆ ಉಟ್ಟು, ಅಬ್ಬಲಿಗೆ ಹೂ ಮುಡಿದಿದ್ದರು. ಮುಂದೆ ತುಳಸಕ್ಕ. ಅವಳ ಕತ್ತು ಸದಾ ಒಂದು ಕಡೆಗೆ ವಾಲಿಕೊಂಡೇ ಇರುತ್ತಿತ್ತು.

ಸಿಂಚನಾ ಎಂಬ ಹುಡುಗಿ ಹಾಗೆಯೇ ಕತ್ತು ವಾಲಿಸಿ ನಡೆಯುತ್ತಿದ್ದಳು.

"ನೀ ಯಾರೇ?" ಎಂದಳು ತುಳಸಕ್ಕ.

ಎದುರಿಗಿರುವವಳು ಯಾರೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. "ನಾನಾ? ನಾನು ತುಳಸಕ್ಕ," ಎಂದಳು.

"ಹೌದಾ? ಹಾಂಗಾರೆ ನೀನೇ ಮನೆಗೆ ಹೋಗಿ ನನ್ನ ಗಂಡನ ಹತ್ರ ಬೈಸ್ಕೋ. ನಾ ಇಲ್ಲೇ ಕುಣೀತೆ."

ಹೆಂಗಸರು ನಕ್ಕರು. ಮೇದಿನಿ ಮುಂದೆ ಬಂದಳು.

"ತುಳಸಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನೀವು ಸಮಯಕ್ಕೆ ಬರುವುದಿಲ್ಲ. ನಾಳೆ ಮುಂದಿನ ಸಾಲಿನಲ್ಲಿ ಕೂತು ನೋಡಿ. ನಿಮ್ಮದೇ ಕಥೆ. ನಿಮಗೇ ಗೌರವ."



"ಕೇರಿಗೆಲ್ಲಾ ಹೇಳಿಟ್ಟಿದ್ದೆ, ನಾ ಕುಣೂದು ಅಂತ," ಎಂದಳು ತುಳಸಕ್ಕ. ಆಮೇಲೆ ಹುಡುಗಿಯರ ಕಾಲು ನೋಡಿದಳು. "ನಾವು ಕೆಸರು ತೊಳ್ಕಂಡು ಬರೂಕೆ ತಡ ಆಯ್ತು, ತಂಗೀ. ಇವರು ಹಚ್ಕಂಡು ಬೇಗ ಬಂದಾರೆ."

ಅವಳು ಮುಡಿದ ಹೂವು ಕಿತ್ತು ಬಕೆಟ್ಟಿಗೆ ಎಸೆದಳು. ಹೆಂಗಸರೆಲ್ಲ ಅವಳ ಹಿಂದೆ ಹೊರಟುಹೋದರು.

 ಗುರುವಿನ ದವಡೆ ಬಿಗಿದದ್ದನ್ನು ಬಾಗಿಲ ಬಳಿ ಇದ್ದವರೆಲ್ಲ ಕಂಡಿದ್ದಾರೆ.

ಮರುದಿನ ಮಧ್ಯಾಹ್ನ ಎರಡಕ್ಕೆ ಕೊನೆಯ ಅಭ್ಯಾಸ. ಮೇದಿನಿ ಬಂದಾಗ ಅವಳ ಜಾಗದಲ್ಲಿ ಸಿಂಚನಾ ನಿಂತಿದ್ದಳು. ಮೇದಿನಿಯ ಕಪ್ಪು ಬಟ್ಟೆ ತೊಟ್ಟಿದ್ದಳು. ಕೂದಲನ್ನು ಮೇದಿನಿಯ ಹಾಗೆಯೇ ಎತ್ತಿ ಕಟ್ಟಿದ್ದಳು. ಅವಳ ಕಣ್ಣು ನೆಲದ ಮೇಲಿತ್ತು.

"ಮೇದಿನಿ, ಭುಜ ಇಳಿಸು," ಎಂದರು ಗುರು, ಸಿಂಚನಾಗೆ.

"ಟೀಚರ್, ನಾನು ಇಲ್ಲಿದ್ದೇನೆ."

"ನೀನು ಯಾರು?"

"ಯಾರು ಎಂದರೆ? ಮೇದಿನಿ."

"ಮೇದಿನಿ ಇವಳು."

"ಇವಳು ಸಿಂಚನಾ!"

"ಇವಳು ಸಮಯಕ್ಕೆ ಬಂದಳು."

"ನಾನೂ ಸಮಯಕ್ಕೇ ಬಂದಿದ್ದೇನೆ. ಎರಡಕ್ಕೆ ಎಂದಿರಿ."

"ಇವತ್ತು ಒಂದಕ್ಕೇ ಶುರು ಮಾಡಿದೆ."

"ನನಗೆ ಹೇಗೆ ಗೊತ್ತಾಗಬೇಕು?"

"ನೆಪ ಹೇಳಬೇಡ."

ಮೇದಿನಿ ಅತ್ತಳು ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಅವಳು ಕಿರುಚಿದಳು.

"ಇದು ನನ್ನ ಕೆಲಸ! ನನ್ನ ಮೈಯಿಂದ ಬಂದದ್ದು! ನನ್ನ ಬಟ್ಟೆ ಹಾಕಿಕೊಂಡ ಮಾತ್ರಕ್ಕೆ ಇವಳು ನಾನಾಗುತ್ತಾಳಾ?"

"ಬೇಜಾರು ಮಾಡಿಕೊಳ್ಳಬೇಡ," ಎಂದರು ಗುರು. "ಮುಂದಿನ ಸಾಲಿನಲ್ಲಿ ಕೂತು ನೋಡು. ನಿನ್ನದೇ ಕೆಲಸ. ನಿನಗೇ ಗೌರವ."

ಮೇದಿನಿ ಮೂಲೆಯ ಬಕೆಟ್ಟಿನ ಕಡೆ ನೋಡಿದಳು. ಬಾಡಿದ ಹೂವು ಅದರಲ್ಲೇ ಇತ್ತು.

ಆಮೇಲೆ ಅವಳು ಕೇಳಿದಳು. "ಈ ಸಿಟ್ಟನ್ನು ಏನು ಮಾಡಲಿ, ಟೀಚರ್?"

"ಆರುವುದಕ್ಕೆ ಬಿಡಬೇಡ. ಹಾಗೇ ಹಿಡಿದುಕೊಂಡು ನದಿಗೆ ಹೋಗು. ಅಲ್ಲಿ ಅದೇ ಸಿಟ್ಟು ಇರುವವರು ಇದ್ದಾರೆ."

ನದಿಯಲ್ಲಿ ನೀರು ಇಳಿದಿತ್ತು. ಹೆಂಗಸರು ಬಾಗಿ ಚಿಪ್ಪು ಆಯುತ್ತಿದ್ದರು. ಮೇದಿನಿ ದಡದಿಂದ ಕೂಗಿದಳು.

"ತುಳಸಕ್ಕಾ!"

"ತುಳಸಕ್ಕ ಅಲ್ಲೇ ನಿಮ್ಮನೇಲಿ ಕುಣೀತಾ ಇದ್ದಾಳಲ್ಲ," ಎಂದಳು ತುಳಸಕ್ಕ, ತಲೆ ಎತ್ತದೆ.

ಮೇದಿನಿ ಕೆಸರಿಗೆ ಇಳಿದಳು. ಮೊಣಕಾಲಿನವರೆಗೂ ಹೂತಳು.

"ತಪ್ಪಾಯಿತು. ಇವತ್ತು ಬನ್ನಿ."

"ತಪ್ಪಾಯ್ತು ಅಂದ್ರೆ ಆಗೋಯ್ತಾ? ನಿನ್ನೆ ಇಡೀ ಕೇರಿ ನನ್ನ ಕಂಡು ನಗಾಡ್ತು."

"ನೀವು ಇಲ್ಲದಿದ್ದರೆ ಆ ನೃತ್ಯವೇ ಇಲ್ಲ."

"ನಿನ್ನೆ ಇತ್ತಲ್ಲ?"

 ಮೇದಿನಿ ಕೆಸರಿನಲ್ಲೇ ನಿಂತಳು. ಹೆಂಗಸರು ಅವಳ ಸುತ್ತ ಚಿಪ್ಪು ಆಯುತ್ತಲೇ ಇದ್ದರು.

ಕೊನೆಗೆ ತುಳಸಕ್ಕ ಹೇಳಿದಳು. "ನೀರು ಏರೂವರೆಗೆ ನಮಗೆ ಪುರಸೊತ್ತಿಲ್ಲ. ಆಮೇಲೆ ಮನಸ್ಸಾದ್ರೆ ನೋಡುವಾ."

ಆರಾಯಿತು. ಅಧಿಕಾರಿ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಹೆಂಗಸರು ಬಂದಿರಲಿಲ್ಲ.

"ಯಾರಿಗೆ ಕಾಯುತ್ತಿದ್ದೀರಿ?" ಎಂದರು ಅಧಿಕಾರಿ. "ನಾನು ಬೇಗ ಹೊರಡಬೇಕು. ಈ ಹುಡುಗಿಯರು ಇದ್ದಾರಲ್ಲ, ಇವರಿಂದಲೇ ಮಾಡಿಸಿ. ನೋಡುವವರಿಗೆ ಏನು ವ್ಯತ್ಯಾಸ?"

ಮೇದಿನಿ ಗುರುವಿನ ಮುಖ ನೋಡಿದಳು. ಗುರು ನದಿಯ ಕಡೆ ನೋಡುತ್ತಿದ್ದರು.

"ಇಲ್ಲ, ಸರ್," ಎಂದಳು ಮೇದಿನಿ.

"ಉತ್ಸವ ಬೇಡವೇನಮ್ಮ ನಿನಗೆ?"

"ಬೇಕು. ಬಹಳ ಬೇಕು. ಆದರೆ ಇವರ ನೃತ್ಯ ಅಲ್ಲ ಅದು."

ಅಧಿಕಾರಿ ಗಡಿಯಾರ ನೋಡಿ ಎದ್ದರು. ಅವರ ಕಾರು ದಿಬ್ಬ ಹತ್ತಿ ಮರೆಯಾಗುವವರೆಗೂ ಮೇದಿನಿ ನೋಡಿದಳು. ಮುಷ್ಟಿ ಬಿಗಿದೇ ಇತ್ತು.

ನೀರು ದಡ ಮುಟ್ಟಿದ ಮೇಲೆ ಹೆಂಗಸರು ಬಂದರು. ಮಿಂದು, ಹೂ ಮುಡಿದು ಬಂದಿದ್ದರು. ಹಿಂದೆ ಇಡೀ ಕೇರಿ.

"ದೊಡ್ಡವರು ಹೋದ್ರಾ?" ಎಂದಳು ತುಳಸಕ್ಕ.

"ಹೋದರು."

"ನಿನ್ನ ಆಟ ಕೆಡ್ತಲ್ಲ."

"ಕೆಟ್ಟಿತು."

ತುಳಸಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೋಗಿ ತನ್ನ ಜಾಗದಲ್ಲಿ ನಿಂತಳು.

ಮೇದಿನಿ ಅವಸರದಿಂದ ಗುರುವಿನ ಕಡೆ ತಿರುಗಿದಳು. "ಶುರು ಮಾಡಲಾ, ಟೀಚರ್?"

ಗುರು ಅವಳ ಕಾಲುಗಳನ್ನು ನೋಡಿದರು. ಮೊಣಕಾಲಿನವರೆಗೂ ಕೆಸರು ಒಣಗಿತ್ತು.

"ತೊಳೆದುಕೊಂಡು ಬಾ," ಎಂದರು. "ಅವರು ಕಾಯುತ್ತಾರೆ."