ಹುಣಸೆಮರದ ಟೈರು

ಹೆದ್ದಾರಿ ತಿರುವಿನ ಅಂದಾನಪ್ಪನ ಪಂಚರ್ ಅಂಗಡಿಗೆ ಒಂದು ಬೈಕಿನ ಹಿಂದಿನ ಟೈರು ಮೊಳೆ ಚುಚ್ಚಿಸಿಕೊಂಡು ಬಂತು. ಸಣ್ಣ ತೂತು. ಒಂದು ತೇಪೆ ಬಿದ್ದರೆ ಇನ್ನೆರಡು ವರ್ಷ ಆರಾಮಾಗಿ ಓಡುತ್ತೇನೆ ಎಂದು ಟೈರು ಧೈರ್ಯವಾಗಿಯೇ ಇತ್ತು.

"ಪಂಚರ್ ಹಾಕೋದಕ್ಕೇನು, ಹಾಕಬಹುದು," ಎಂದ ಅಂದಾನಪ್ಪ ಬೈಕಿನವನಿಗೆ. "ಆದರೆ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಓಡಾಡೋ ಗಾಡಿ. ಆಮೇಲೆ ನನ್ನನ್ನ ಬೈಬೇಡಿ."

ಅಷ್ಟು ಸಾಕಾಯಿತು. ಬೈಕಿನವನು ಅಲ್ಲೇ ಹೊಸ ಟೈರು ಕೊಂಡು ಹಾಕಿಸಿಕೊಂಡು ಹೊರಟುಹೋದ. ಹಳೆಯದರ ಮೈಮೇಲೆ ಅಂದಾನಪ್ಪ ಬಿಳಿ ಬಣ್ಣದಲ್ಲಿ 'ಇಲ್ಲಿ ಪಂಚರ್ ಹಾಕಲಾಗುವುದು' ಎಂದು ಬರೆದು, ರಸ್ತೆಗೆ ಕಾಣುವಂತೆ ಹುಣಸೆಮರಕ್ಕೆ ನೇತುಹಾಕಿದ.

ಮರುದಿನ ಇನ್ನೊಂದು ಬೈಕಿನ ಟೈರು ಕುಂಟುತ್ತ ಬಂದು ತಲೆಯೆತ್ತಿ ನೋಡಿತು.

"ಅಣ್ಣಾ, ನನ್ನ ಯಜಮಾನ ನನ್ನನ್ನು ಬಿಸಾಕಿ ಹೊಸದು ಹಾಕಿಸಬೇಕೆಂದೇ ಹೊರಟಿದ್ದ. ನಿನ್ನ ಮೈಮೇಲಿನ ಬರಹ ಓದಿ ಮನಸ್ಸು ಬದಲಾಯಿಸಿದ. ನೀನು ನನ್ನ ಜೀವ ಉಳಿಸಿದೆ."

ನೇತಾಡುತ್ತಿದ್ದ ಟೈರು ನಿಜ ಹೇಳಲು ಬಾಯಿ ತೆರೆಯಿತು. ಅಷ್ಟರಲ್ಲಿ ಕೆಳಗೆ ಅಂದಾನಪ್ಪ ಶುರುಮಾಡಿಬಿಟ್ಟಿದ್ದ: "ಪಂಚರ್ ಹಾಕೋದಕ್ಕೇನು, ಹಾಕಬಹುದು..."

ಟೈರು ಕೊಂಬೆಯಲ್ಲಿ ತುಸು ಆಚೆ ಸರಿದು, ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟಿತು.