ಹಲಗೆಯ ಆಚೆ ತುದಿ

“ಗುರುಗಳೇ, ನಾನೊಬ್ಬನೇ ಕೂತು ಓದಿ ಕಲಿತ ವಿದ್ಯೆ ನನ್ನೊಬ್ಬನದೇ ಅಲ್ಲವೇ? ಅದರಲ್ಲಿ ಇನ್ನೊಬ್ಬರ ಪಾಲು ಎಲ್ಲಿಂದ ಬಂತು?” ಎಂದು ಶಂಭುಲಿಂಗ ಕೇಳಿದ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಓದಿನಲ್ಲಿ ಅವನನ್ನು ಮೀರಿಸುವವರು ಅಲ್ಲಿ ಇರಲಿಲ್ಲ.

ಗುರುಗಳು ಹೇಳತೊಡಗಿದರು.

ಒಬ್ಬ ಬಡಗಿ ಇದ್ದ. ಬಾಗಿಲು ಮಾಡುವುದರಲ್ಲಿ ಅವನಿಗೆ ದೊಡ್ಡ ಹೆಸರು. ಅವನ ಮನೆಯ ಪಕ್ಕದ ಚಪ್ಪರದಲ್ಲಿ ಕರೆಂಟಿನ ಗರಗಸ ಕೂರಿಸಿದ ಮೇಜಿತ್ತು. ಅವನು ಈಚೆಯಿಂದ ಹಲಗೆಯನ್ನು ಗರಗಸಕ್ಕೆ ನೂಕುತ್ತಿದ್ದ. ಸೀಳಿ ಬಂದ ತುದಿಯನ್ನು ಆಚೆಯಿಂದ ಅವನ ಹೆಂಡತಿ ಕಾಳಮ್ಮ ಹಿಡಿದುಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಯಾರಾದರೂ ಕೇಳಿದರೆ ಬಡಗಿ, “ಕೆಲಸವೆಲ್ಲ ನನ್ನದೇ. ಅವಳು ಸುಮ್ಮನೆ ಹಿಡಿದುಕೊಂಡಿರುತ್ತಾಳೆ” ಎನ್ನುತ್ತಿದ್ದ. ಆ ಮಾತಿನಲ್ಲಿ ಕೆಡುಕಿರಲಿಲ್ಲ. ಅವನು ಹಾಗೆಂದೇ ತಿಳಿದಿದ್ದ.

ಒಂದು ವರ್ಷ ಕಾಳಮ್ಮನ ಭುಜಗಳು ಸೋತವು. ತಲೆ ಬಾಚಿಕೊಳ್ಳಲೂ ಕೈ ಮೇಲೇಳಲಿಲ್ಲ. ಇನ್ನು ಭಾರ ಹಿಡಿಯಬಾರದೆಂದು ವೈದ್ಯರು ಹೇಳಿದರು. ಬಡಗಿ ಒಬ್ಬನೇ ಗರಗಸದ ಮುಂದೆ ನಿಂತ. ಎಂಟಡಿಯ ತೇಗದ ಹಲಗೆ ಮುಕ್ಕಾಲು ಸೀಳಿತ್ತು. ಆಚೆ ತುದಿ ತನ್ನ ಭಾರಕ್ಕೆ ಬಾಗಿತು, ಈಚೆ ತುದಿ ಮೇಜು ಬಿಟ್ಟು ಎದ್ದಿತು. ಗರಗಸ ಹಲಗೆಯನ್ನು ಕಚ್ಚಿ ಹಿಂದಕ್ಕೆ ಎಸೆಯಿತು. ಅವನ ಎಡಗೈಯ ಎರಡು ಬೆರಳು ಹೋದವು.

ಗಾಯ ಮಾಯಿತು. ಅವನು ಆಚೆ ತುದಿಗೆ ಒಂದು ಸ್ಟ್ಯಾಂಡ್ ಮಾಡಲು ಕೂತ. ನಾಲ್ಕು ಕಾಲು ನಿಲ್ಲಿಸಿ, ಮೇಲೊಂದು ಅಡ್ಡಮರ ಬಡಿದ. ಹಲಗೆ ಅದಕ್ಕೆ ತಾಗಿ ನಿಂತುಬಿಟ್ಟಿತು. ಮರ ಕಿತ್ತು, ಎರಡು ಬೇರಿಂಗುಗಳ ನಡುವೆ ಉರುಳುವ ಹಾಗೆ ಕಬ್ಬಿಣದ ಪೈಪು ಕೂರಿಸಿದ. ಹಲಗೆ ಅದರ ಮೇಲೆ ಹತ್ತಿತು, ಆದರೆ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿತು. ಗರಗಸ ಚೀರಿತು. ಬಡಗಿ ಹೆದರಿ ಸ್ವಿಚ್ ಆರಿಸಿದ. ಒಂದು ತಿಂಗಳಾದರೂ ಒಂದು ಬಾಗಿಲೂ ಮುಗಿಯಲಿಲ್ಲ.

ಕೊನೆಗೆ ಅವನು ಒಳಗೆ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ.

“ನೀನು ಹೇಗೆ ಹಿಡಿಯುತ್ತಿದ್ದೆ?”

“ನಾನು ಹಿಡಿಯುತ್ತಿರಲಿಲ್ಲ” ಎಂದಳು ಕಾಳಮ್ಮ. “ಹಲಗೆ ನನ್ನ ಅಂಗೈ ಮೇಲೆ ಜಾರಿಕೊಂಡು ಬರುತ್ತಿತ್ತು. ಕೈಯನ್ನು ಮೇಜಿಗಿಂತ ಕೂದಲೆಳೆಯಷ್ಟು ತಗ್ಗಿಸಿರುತ್ತಿದ್ದೆ. ನಿಮಗೆ ನೇರ ಎದುರಾಗಿ ನಿಂತು, ಹಾಗೇ ಹಿಂದೆ ಹಿಂದೆ ಹೋಗುತ್ತಿದ್ದೆ. ನಾನು ಒಂದಿಷ್ಟು ಓರೆಯಾದರೂ ಹಲಗೆ ಓರೆಯಾಗುತ್ತಿತ್ತು.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಗರಗಸದ ಸದ್ದಿನಲ್ಲಿ ಯಾರಿಗೆ ಹೇಳಲಿ?”

ಬಡಗಿ ಚಪ್ಪರಕ್ಕೆ ಬಂದ. ಪೈಪನ್ನು ಕೂದಲೆಳೆಯಷ್ಟು ತಗ್ಗಿಸಿದ. ಮೂಲೆಮಟ್ಟ ಹಿಡಿದು ಗರಗಸಕ್ಕೆ ಸರಿಯಾಗಿ ಅಡ್ಡ ನಿಲ್ಲಿಸಿದ. ಆದರೂ ಸ್ಟ್ಯಾಂಡ್ ಅಲುಗಿತು. ಬಗ್ಗಿ ನೋಡಿದ. ಮೇಜಿನಿಂದ ಗೋಡೆಯವರೆಗೆ ಮಣ್ಣಿನ ನೆಲ ಸವೆದು ತಗ್ಗಾದ ಕಾಲುದಾರಿಯಾಗಿತ್ತು, ಸ್ಟ್ಯಾಂಡಿನ ಎರಡು ಕಾಲು ಅದರೊಳಗೆ ಇಳಿದಿದ್ದವು. ಅದು ಹಿಮ್ಮೆಟ್ಟಿ ನಡೆದ ಹೆಜ್ಜೆಗಳ ದಾರಿ. ತಿಂಗಳಿಡೀ ಅದರ ಮೇಲೇ ಓಡಾಡಿದ್ದರೂ ಅವನಿಗೆ ಅದು ಕಂಡಿರಲಿಲ್ಲ. ಆ ತಗ್ಗನ್ನು ಅವನು ಮುಚ್ಚಲಿಲ್ಲ. ಅದರೊಳಗೆ ಇಳಿದ ಕಾಲುಗಳನ್ನೇ ಉದ್ದ ಮಾಡಿದ.

ಮರುದಿನ ಹಲಗೆ ಎಲ್ಲೂ ತಡೆಯದೆ ಕೊನೆಯವರೆಗೆ ಸೀಳಿತು. ಕಾಳಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಡಗಿ ಗರಗಸ ನಿಲ್ಲಿಸಿ ಅವಳ ಕಡೆ ತಿರುಗಿದ. ಮೂರು ಬೆರಳಿನ ಕೈಯನ್ನು ಇನ್ನೊಂದು ಕೈಗೆ ಜೋಡಿಸಿ ಹಾಗೇ ನಿಂತ.

ಗುರುಗಳು ಕತೆ ನಿಲ್ಲಿಸಿದರು.

“ತಡವಾಗಿಯಾದರೂ ಆ ಬಡಗಿಗೆ ತಿಳಿಯಿತಲ್ಲ” ಎಂದ ಶಂಭುಲಿಂಗ.

ಗುರುಗಳು ಅವನ ಮುಖ ನೋಡಿ ಹೇಳಿದರು: “ಇವತ್ತು ಬೆಳಗ್ಗೆ ನೀನು ಓದುತ್ತಾ ಕೂತಿದ್ದಾಗ ನಿನ್ನ ಸ್ನಾನಕ್ಕೆ ನೀರು ಸೇದಿಟ್ಟವರ ಹೆಸರು ಹೇಳು.”